ಮೌಸಿನಲ್ಲಿ ಎಳೆಯದ ಬಟನ್ನು

ನಮ್ಮ ಕುಂದಾಪುರದ ಕಂಪ್ಯೂಟರ್ ಸೆಂಟರಿನಲ್ಲಿ ಉಳಿದವರೆಲ್ಲ ಮೌಸಿನಿಂದ ಪರದೆಯ ಮೇಲೆ ಬಟನ್ನು ಎಳೆದು ಕೂರಿಸುತ್ತಿದ್ದಾಗ, ನಾನೊಬ್ಬಳು ಮನೆಯಲ್ಲಿ ಅದರ ಜಾಗವನ್ನು ಗ್ರಾಫ್ ಹಾಳೆಯಲ್ಲಿ ಅಳೆದು ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡುತ್ತಿದ್ದೆ. ಇದರಲ್ಲಿ ತತ್ತ್ವವೇನೂ ಇರಲಿಲ್ಲ. ಮುಂಬೈಯಿಂದ ಅಣ್ಣ ಕಳಿಸಿದ್ದ ಹಳೇ ಕಂಪ್ಯೂಟರಿನಲ್ಲಿ ಸೆಂಟರಿನ ಆ ದೊಡ್ಡ ಸಾಫ್ಟ್‌ವೇರ್ ಹಿಡಿಯುತ್ತಿರಲಿಲ್ಲ, ಅಷ್ಟೆ. ಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿ, ಬರೆದದ್ದನ್ನು ಓಡುವ ಪ್ರೋಗ್ರಾಂ ಆಗಿಸುವ ಪುಕ್ಕಟೆ ಕಂಪೈಲರ್ ಸಿಕ್ಕಿತ್ತು. ಕಪ್ಪು ಪರದೆಯಲ್ಲಿ ಅದರ ಹೆಸರು, ನನ್ನ ಫೈಲಿನ ಹೆಸರು ಬರೆದು ಎಂಟರ್ ಒತ್ತಬೇಕು. ತಪ್ಪಿದ್ದರೆ ಬೈಯುತ್ತಿತ್ತು, ಇಲ್ಲದಿದ್ದರೆ ಸುಮ್ಮನಿರುತ್ತಿತ್ತು. ಸುಮ್ಮನಿದ್ದರೂ ನನಗೆ ಹೆದರಿಕೆಯೇ. ಸುಟ್ಟೇ ಹೋಯಿತೇನೋ ಅಂತ ಕಂಪ್ಯೂಟರಿನ ಡಬ್ಬಿ ಮುಟ್ಟಿ ನೋಡುತ್ತಿದ್ದೆ.

"ಹೆಣೆ, ಟೀವಿ ಒಳ್ಗೆ ಚೌಕ ಮಾಡುಕೆ ಕಾಗ್ದದಲ್ ಗೀಟ್ ಎಳೂದ್ ಎಂತಕೆ? ತಲೆ ಸಮ ಇತ್ತಾ?" ಎಂದು ಅಮ್ಮ ಕೇಳಿದ್ದಳು.

ಹಾಗೆ ಗೀಟೆಳೆದೂ ಎಳೆದೂ ಯಕ್ಷಗಾನ ಮೇಳದ ಹರಕೆ ಆಟಗಳಿಗೆ ದಿನ ಗೊತ್ತು ಮಾಡುವ ಪ್ರೋಗ್ರಾಂ ಒಂದನ್ನು ಮಾಡಿದೆ. ಊರು, ದಿನ ಹಾಕಿದರೆ, ಅಂದು ಮೇಳ ಬೇರೆ ಕಡೆ ಒಪ್ಪಿಕೊಂಡಿದ್ದರೆ ಪರದೆಯಲ್ಲೊಂದು ಕಿಟಕಿ ತೆರೆದು ಎಚ್ಚರಿಸುತ್ತಿತ್ತು. ಕೋರ್ಸಿಗೆ ಅದೇ ನನ್ನ ಪ್ರಾಜೆಕ್ಟು. ಪಾಸಾದರೆ ಬೈಂದೂರಿನಲ್ಲಿ ಹೊಸದಾಗಿ ತೆರೆಯುವ ಶಾಖೆಯಲ್ಲಿ ಪಾಠ ಹೇಳುವ ಕೆಲಸ ಕೊಡುತ್ತೇನೆಂದು ಸೆಂಟರಿನ ಯಜಮಾನರು ಮಾತು ಕೊಟ್ಟಿದ್ದರು.

ಉಳಿದವರ ಪ್ರಾಜೆಕ್ಟುಗಳೋ, ಎಲ್ಲವೂ ಹೋಟೆಲ್ ಬಿಲ್ಲಿಂಗ್. ಬ್ಯಾಚಿನಿಂದ ಬ್ಯಾಚಿಗೆ ಇಳಿದು ಬಂದ ಒಂದೇ ಪ್ರೋಗ್ರಾಂ. ಮುಂಬೈಯಲ್ಲಿ ಹೋಟೆಲಿರುವ ನೆಂಟರು ನಮ್ಮ ಕಡೆ ಯಾರಿಗಿಲ್ಲ? ಮಾವನದೋ ದೊಡ್ಡಪ್ಪನದೋ ಹೋಟೆಲಿನ ಹೆಸರು ಮೇಲೆ ಹಾಕಿದರಾಯಿತು. ಒಬ್ಬನ ಬಿಲ್ಲಿನ ಬುಡದಲ್ಲಿ ಹಿಂದಿನ ಬ್ಯಾಚಿನವನ ಮಾವನ ಹೋಟೆಲು ಹಾಗೇ ಉಳಿದಿತ್ತು. ಹೊರಗಿನಿಂದ ಬಂದ ಪರೀಕ್ಷಕರು, "ಇದು ನಿಮ್ಮ ಬ್ರಾಂಚಾ?" ಎಂದರು. "ಹೌದು ಸರ್" ಎಂದ. ಪಾಸು!

ನನ್ನ ಸರದಿ ಬಂತು. "ಫಾರ್ಮ್ ಎಲ್ಲಿದೆ?" ಎಂದು ಕೇಳಿದರು. ಮೌಸಿನಿಂದ ಬಟನ್ನು ಎಳೆದು ಕೂರಿಸುವ ಖಾಲಿ ಕಿಟಕಿಗೆ ಆ ಸಾಫ್ಟ್‌ವೇರಿನಲ್ಲಿ ಫಾರ್ಮ್ ಎನ್ನುತ್ತಿದ್ದರು.

"ಫಾರ್ಮ್ ಇಲ್ಲ ಸರ್. ಕಿಟಕಿ, ಬಟನ್ನು ಎಲ್ಲ ಬರೆದೇ ಮಾಡಿದ್ದು."

"ಬರೆದರೆ ಬಟನ್ ಬರುತ್ತೇನಮ್ಮ? ಎಲ್ಲಿಂದ ಕಾಪಿ ಹೊಡೆದಿರಿ?"

ಕಾಪಿ! ಆ ಕೋಣೆಯಲ್ಲಿ, ನನಗೆ! ಅವರೆದುರೇ ನೋಟ್‌ಪ್ಯಾಡ್ ತೆರೆದೆ. ಬಟನ್ನಿನ ಜಾಗದ ಒಂದು ಅಂಕಿ ತಿದ್ದಿ, ಮನೆಯಿಂದ ತಂದಿದ್ದ ಸಿಡಿ ಹಾಕಿ ಕಂಪೈಲ್ ಮಾಡಿದೆ. ಪರದೆ ಎಂದಿನಂತೆ ಸುಮ್ಮನಿತ್ತು.

"ಏನೂ ಆಗಲಿಲ್ಲವಲ್ಲ."

"ಏನೂ ಆಗದಿದ್ದರೆ ಸರಿಯಾಯಿತು ಅಂತ, ಸರ್."

ಪ್ರೋಗ್ರಾಂ ತೆರೆದೆ. ಬಟನ್ನು ಎಡದಿಂದ ಬಲಕ್ಕೆ ಹೋಗಿ ಕೂತಿತ್ತು. ಅವರು ಅದನ್ನು ನೋಡಿದರು, ಗಡಿಯಾರ ನೋಡಿದರು. "ಇರಬಹುದು. ಆದರೆ ಸೆಂಟರಿನ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲ್ ಇಲ್ಲದೆ ಅಂಕ ಕೊಡೋ ಹಾಗಿಲ್ಲ. ಊಟ ಮುಗಿಸಿ ಬರ್ತೇನೆ, ಅಷ್ಟರಲ್ಲಿ ತೋರಿಸಿ."

ಯಜಮಾನರು ನನ್ನನ್ನು ಬಾಗಿಲ ಮರೆಗೆ ಕರೆದರು. "ಹಟ ಮಾಡ್ಬೇಡ ಮಾರಾಯ್ತಿ. ನಿನ್ ದೊಡ್ಡಪ್ಪಂದೂ ಹೋಟ್ಲ್ ಇತ್ತಲ್ದಾ? ಹೆಸ್ರ್ ಹಾಕಿ ಮುಗ್ಸ್. ಬೈಂದೂರಿಗ್ ಹೋಪುಕೆ ಮನ್ಸಿಲ್ಯಾ?"

ಮನಸ್ಸಿತ್ತು. ದೊಡ್ಡಪ್ಪನ ಹೋಟೆಲಿಗೆ ಮಾತ್ರ ಮನಸ್ಸು ಬರಲಿಲ್ಲ. ಅವರೆಲ್ಲ ಕಾಣೆ ಮೀನಿನ ಫ್ರೈ ಉಣ್ಣುತ್ತಿದ್ದಾಗ ನಾನು ಸೆಂಟರಿನ ಕಂಪ್ಯೂಟರಿನಲ್ಲಿ ಆ ದೊಡ್ಡ ಸಾಫ್ಟ್‌ವೇರನ್ನು ತೆರೆದು, ಖಾಲಿ ಫಾರ್ಮಿನ ಮೇಲೆ ಮೌಸಿನಿಂದ ಒಂದೇ ಒಂದು ಬಟನ್ನು ಎಳೆದೆ. ಅದನ್ನು ಒತ್ತಿದರೆ ನನ್ನ ಪ್ರೋಗ್ರಾಂ ತೆರೆಯುವಂತೆ ಒಂದು ಸಾಲು ಬರೆದೆ. ಇನ್ನೇನೂ ಮಾಡಲಿಲ್ಲ.

ಪರೀಕ್ಷಕರು ಬಂದು ಬಟನ್ನು ಒತ್ತಿದರು. ಬೆಳಿಗ್ಗೆ ಕಂಡ ಅದೇ ಕಿಟಕಿ ತೆರೆಯಿತು.

"ನೋಡಿ, ಈಗ ಸರಿಯಾಯ್ತು. ಇಷ್ಟು ಸುಲಭದ್ದಕ್ಕೆ ಅಷ್ಟು ಒದ್ದಾಡಿದಿರಲ್ಲ!"

ಪಾಸು. ಬೈಂದೂರಿನ ಕೆಲಸವೂ ಸಿಕ್ಕಿತು. ಮೊದಲ ವಾರವೇ ಮಕ್ಕಳಿಗೆ ಕಪ್ಪು ಪರದೆ ತೋರಿಸಿದೆ. ಯಜಮಾನರ ಫೋನು ಬಂತು: "ಬಣ್ಣದ್ ಕಂಪ್ಯೂಟ್ರಲ್ ಕಪ್ಪ್ ಪರ್ದೆ ತೋರ್ಸ್ತೆ ಅಂಬ್ರ್, ಹೌದಾ?" ಉದ್ಯೋಗ ಹೋದೀತೆಂದು ಅಂದೇ ಮೌಸು ಹಿಡಿದೆ. ವರ್ಷಗಟ್ಟಲೆ ಬಟನ್ನು ಎಳೆಯುವುದನ್ನೇ ಕಲಿಸಿದೆ. ಹಿಂದಿನ ಬೆಂಚಿನಿಂದ ಯಾರಾದರೂ "ಇದರ ಒಳಗೆ ಎಂತ ಇತ್ತ್ ಟೀಚರ್?" ಎಂದು ಕೇಳಿದರೆ ಮಾತ್ರ ಬಾಗಿಲು ಮುಚ್ಚಿ, ನೋಟ್‌ಪ್ಯಾಡ್ ತೆರೆಯುತ್ತಿದ್ದೆ.