ಕೆಳಗಿನ ಖಾನೆಯ ಬಾಟಲಿ

ದೆವ್ವ, ಶಕುನ, ಕನಸಿನ ಸೂಚನೆ ಇಂಥವುಗಳ ಮಾತು ಬಂದರೆ ನಾನು ಎದ್ದು ಅಡಿಗೆಮನೆಗೆ ಹೋಗುವವಳು. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿ, ಮದುವೆಯಾಗಿ ಮುಂಬಯಿಗೆ ಬಂದು, ಮುಲುಂಡಿನ ಒಂದು ಟ್ರಸ್ಟ್ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಟೆಕ್ನಿಶಿಯನ್ ಆಗಿ ದುಡಿದಿದ್ದೇನೆ. ಕಂಡದ್ದನ್ನು ಬರೆ, ಕಾಣದ್ದನ್ನು ಬರೆಯಬೇಡ ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ನಮ್ಮ ಸೊಸೈಟಿಯ ಹೆಂಗಸರು ಮೂರನೆಯ ಮಹಡಿಯ ಖಾಲಿ ಫ್ಲ್ಯಾಟಿನಲ್ಲಿ ಗೆಜ್ಜೆ ಸದ್ದು ಕೇಳಿಸುತ್ತದೆ ಎಂದಾಗ, ಇಲಿ ಇರಬೇಕು, ಪಾಷಾಣ ಇಡಿ ಎಂದು ಹೇಳಿ ಅವರ ಸಿಟ್ಟಿಗೆ ಗುರಿಯಾದವಳು ನಾನು. ಅಂಥವಳು ಇದನ್ನು ಬರೆಯಲು ಕೂತಿರುವುದು ನನಗೇ ಮುಜುಗರದ ವಿಷಯ. ಅದೂ ಅಲ್ಲದೆ ಇಂಥ ಕಥೆಗಳಿಗೆ ಬೇಕಾದ ಅಮಾವಾಸ್ಯೆಯ ರಾತ್ರಿಯೂ ನನ್ನ ಹತ್ತಿರ ಇಲ್ಲ. ನಡೆದದ್ದು ಒಂದು ಬುಧವಾರ ಮಧ್ಯಾಹ್ನ ಮೂರೂವರೆಗೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ.

ಆಗ ತೊಂಬತ್ತರ ದಶಕ ಶುರುವಾಗಿತ್ತಷ್ಟೆ. ದಾನವಾಗಿ ಬಂದ ರಕ್ತವನ್ನು ಎಚ್‌ಐವಿ ಪರೀಕ್ಷೆ ಮಾಡದೆ ಯಾರಿಗೂ ಕೊಡಬಾರದು ಎಂಬ ಆದೇಶ ಬಂದಿತ್ತು. ಆದೇಶ ಬಂದಷ್ಟು ಬೇಗ ಯಂತ್ರ ಬರಬೇಕಲ್ಲ! ನಮ್ಮಂಥ ಸಣ್ಣ ಬ್ಲಡ್ ಬ್ಯಾಂಕುಗಳು ಸ್ಯಾಂಪಲ್‌ಗಳನ್ನು ನಗರದ ಒಳಗಿದ್ದ ದೊಡ್ಡ ಕೇಂದ್ರಕ್ಕೆ ಕಳಿಸಬೇಕಾಗಿತ್ತು. ನಮ್ಮ ಪ್ಯೂನ್ ಶಿಂದೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕಿಗೆ ಐಸ್ ತುಂಬಿ, ಅದರೊಳಗೆ ರಕ್ತದ ಟ್ಯೂಬುಗಳನ್ನು ಇಟ್ಟುಕೊಂಡು ಲೋಕಲ್ ಹತ್ತುತ್ತಿದ್ದ. ಗಾಡಿಯಲ್ಲಿ ಯಾರಾದರೂ ತಮಾಷೆಗೆ ಸ್ವಲ್ಪ ಚಹಾ ಕೊಡು ಎಂದು ಕೇಳಿದರೆ, ಇದು ನಿಮಗೆ ಜೀರ್ಣವಾಗುವುದಿಲ್ಲ ಎನ್ನುತ್ತಿದ್ದನಂತೆ. ವರದಿ ಬರಲು ಎರಡು ದಿನ. ಅಲ್ಲಿಯವರೆಗೆ ಬಾಟಲಿಗಳು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಕಾಯಬೇಕು. ಪಾಸಾದವು ಮೇಲಿನ ಖಾನೆಗೆ ಹೋಗುತ್ತವೆ.

ಇನ್ನೊಂದು ನಿಯಮವಿತ್ತು, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಕೇಂದ್ರಕ್ಕೆ ಹೋಗುವುದು ನಂಬರು ಮಾತ್ರ, ಹೆಸರಲ್ಲ. ರಕ್ತದಲ್ಲಿ ದೋಷ ಕಂಡರೆ ಆ ಬಾಟಲಿಯನ್ನು ನಾಶ ಮಾಡಬೇಕು, ಆದರೆ ಕೊಟ್ಟವನಿಗೆ ಹೇಳುವಂತಿಲ್ಲ. ಒಂದೇ ಪರೀಕ್ಷೆ ತಪ್ಪಾಗಿರಬಹುದು, ನಿಜವಾಗಿದ್ದರೂ ಔಷಧವಿಲ್ಲ, ಸುದ್ದಿ ಹೊರಬಿದ್ದರೆ ಕೆಲಸವೂ ಹೋಗುತ್ತದೆ ಬಾಡಿಗೆಯ ಖೋಲಿಯೂ ಹೋಗುತ್ತದೆ ಎಂದು ಕಾರಣ ಹೇಳುತ್ತಿದ್ದರು. ನನಗೂ ಆಗ ಅದು ಸರಿಯೆಂದೇ ಕಂಡಿತ್ತು.

ಸುಧಾಕರ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದ. ಇಪ್ಪತ್ತೇಳರ ಆಸುಪಾಸಿನವನು, ದಪ್ಪ ಮೀಸೆ, ಕೈತುಂಬ ಎಣ್ಣೆ ಸಿಡಿದ ಕಲೆಗಳು. ಅವನದು ಬಿ ನೆಗೆಟಿವ್, ಸುಲಭಕ್ಕೆ ಸಿಗದ ಗುಂಪು. ನಮ್ಮ ಗೋಡೆಯ ಮೇಲೆ ಅಂಥವರ ಪಟ್ಟಿ ಇತ್ತು. ಬೇಕಾದಾಗ ಹೋಟೆಲಿಗೆ ಫೋನ್ ಮಾಡಿದರೆ ಮಾಲೀಕ ಶೆಟ್ಟರು ಅವನನ್ನು ಕಾವಲಿಯ ಮುಂದಿನಿಂದ ಎಬ್ಬಿಸಿ ರಿಕ್ಷಾದಲ್ಲಿ ಕೂರಿಸುತ್ತಿದ್ದರು. ಕನ್ನಡ ಮಾತಾಡುವವಳು ಎಂದು ನನ್ನನ್ನು ಅಕ್ಕ ಎನ್ನುತ್ತಿದ್ದ. ನಾನೂ ಅವನಿಗೆ ಎರಡು ಬಿಸ್ಕತ್ತು ಜಾಸ್ತಿ ಕೊಡುತ್ತಿದ್ದೆ. ಹಿಂದಿನ ಸಲ ಅವನ ರಕ್ತ ಪರೀಕ್ಷೆಯಲ್ಲಿ ಪಾಸಾಗಿತ್ತು. ಆ ಶನಿವಾರ ತಾನಾಗಿಯೇ ಬಂದು, ಈಗ ಕೊಟ್ಟುಬಿಡುತ್ತೇನೆ, ಮತ್ತೆ ಪುರುಸೊತ್ತು ಸಿಗುವುದಿಲ್ಲ ಎಂದು ಮೀಸೆಯೊಳಗೇ ನಗುತ್ತಾ ತೋಳು ಚಾಚಿ ಮಲಗಿದ. ಮಂಗಳವಾರ ಶಿಂದೆ ಅವನ ಸ್ಯಾಂಪಲ್ ಒಯ್ದ. ಗುರುವಾರ ವರದಿ ಬರಬೇಕಾಗಿತ್ತು.

ಬುಧವಾರ ಎರಡೂಮುಕ್ಕಾಲಿಗೆ ಹೆರಿಗೆ ವಾರ್ಡಿನಿಂದ ಕರೆ ಬಂತು. ಬೆಳಿಗ್ಗೆ ಹೆತ್ತ ಹುಡುಗಿಗೆ ರಕ್ತ ನಿಲ್ಲುತ್ತಿಲ್ಲ, ಚೊಚ್ಚಲು, ಬಿ ನೆಗೆಟಿವ್. ಮೇಲಿನ ಖಾನೆಯಲ್ಲಿ ಆ ಗುಂಪಿನದು ಒಂದೂ ಇರಲಿಲ್ಲ. ಕೆಳಗಿನ ಖಾನೆಯಲ್ಲಿ ಇದ್ದದ್ದು ಒಂದೇ, ಸುಧಾಕರನದು. ನಮ್ಮ ಬ್ಲಡ್ ಬ್ಯಾಂಕಿನ ಡಾಕ್ಟರು ಬಹಳ ಸಜ್ಜನ ಮರಾಠಿಗರು. ಹಣೆ ಉಜ್ಜಿಕೊಂಡು ಒಂದು ನಿಮಿಷ ಯೋಚಿಸಿ, "ಆಪ್ಲಾಚ್ ಮಾಣೂಸ್ ಆಹೇ ನಾ?" ಎಂದರು. ನಮ್ಮವನೇ ತಾನೆ ಎಂದರ್ಥ. ಗಂಡನ ಸಹಿ ಹಾಕಿಸಿಕೊಂಡು ಕೊಟ್ಟುಬಿಡೋಣ ಎಂದು ಹೇಳಿದರು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಗೊತ್ತಿಲ್ಲದವನ ರಕ್ತವಾಗಿದ್ದರೆ ಹಿಂಜರಿಯುತ್ತಿದ್ದೆ. ಅಕ್ಕ ಎಂದು ಕರೆದು ಬಿಸ್ಕತ್ತು ತಿನ್ನುವವನ ರಕ್ತದಲ್ಲಿ ಏನಿರುತ್ತದೆ ಎಂದುಕೊಂಡೆ. ಪರೀಕ್ಷೆ ಎನ್ನುವುದು ಇರುವುದೇ ಇಂಥ ಲೆಕ್ಕಾಚಾರವನ್ನು ತಪ್ಪಿಸುವುದಕ್ಕೆ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದವಳೂ ನಾನೇ.

ಇಬ್ಬರ ರಕ್ತವೂ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚಿಗೆ ಮುಕ್ಕಾಲು ಗಂಟೆ ಬೇಕು. ಡಾಕ್ಟರು ಸಹಿಗಾಗಿ ವಾರ್ಡಿಗೆ ಹೋದರು, ಶಿಂದೆ ರಜೆಯಲ್ಲಿದ್ದ, ನಾನೊಬ್ಬಳೇ. ಹೊಂದಿತು. ಬಾಟಲಿಯನ್ನು ಮೇಜಿನ ಮೇಲಿಟ್ಟು ಚೀಟಿ ಬರೆಯುತ್ತಿದ್ದಾಗ ಕಿಟಕಿಯಲ್ಲಿ ಯಾರೋ ಬಗ್ಗಿದರು. ನಮ್ಮದು ಟಿಕೆಟ್ ಕೌಂಟರಿನಂಥ ಕಿಟಕಿ, ಗಾಜಿನಲ್ಲಿ ಒಂದು ಅರ್ಧಚಂದ್ರದ ತೂತು. ಅದಕ್ಕೆ ಮುಖ ಕೊಟ್ಟು ನಿಂತಿದ್ದವನು ಸುಧಾಕರ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ.

"ಅಕ್ಕ, ಆ ನನ್ನ ಬಾಟ್ಲಿ ಉಂಟಲ್ಲ, ಅದು ಯಾರಿಗೂ ಕೊಡುದು ಬೇಡ," ಎಂದ.

"ಏನಾಯ್ತೋ? ಇಲ್ಲೊಬ್ಬಳ ಜೀವ ಹೋಗ್ತಾ ಇದೆ," ಎಂದೆ.

"ಬೇಡ ಅಕ್ಕ. ಕೊಡ್ಬೇಡಿ ಆಯ್ತಾ?"

ಗಾಬರಿ ಇರಲಿಲ್ಲ, ದುಃಖವೂ ಇರಲಿಲ್ಲ. ಚಟ್ನಿ ಬೇಡ, ಸಾಂಬಾರ್ ಸಾಕು ಎಂದು ಹೇಳುವ ಧ್ವನಿ. ನಾನು ಪೆನ್ನಿನ ಕ್ಯಾಪು ಹಾಕಿ ತಲೆಯೆತ್ತುವಷ್ಟರಲ್ಲಿ ಹೋಗಿದ್ದ. ಬಾಗಿಲು ತೆಗೆದು ನೋಡಿದೆ. ಕಾರಿಡಾರಿನ ಬೆಂಚಿನ ಮೇಲೆ ಆ ಹುಡುಗಿಯ ಅತ್ತೆ ಮಾತ್ರ ಕೂತಿದ್ದರು. ನನಗೆ ಆಗ ಬಂದದ್ದು ಭಯವಲ್ಲ, ಸಿಟ್ಟು. ಕೊಟ್ಟು ನಾಲ್ಕು ದಿನವಾದ ಮೇಲೆ ಇವನದೇನು ಹೊಸ ರಾಗ ಎಂದುಕೊಂಡೆ.

ಡಾಕ್ಟರು ಸಹಿಯ ಕಾಗದ ಹಿಡಿದು ಬಂದಾಗ ಹೇಳಿದೆ. ಅವರ ಮುಖ ಇಳಿಯಿತು. ಕೊಟ್ಟವನೇ ಬಂದು ಬೇಡ ಎಂದರೆ ಅದಕ್ಕೊಂದು ಕಾರಣ ಇರುತ್ತದೆ ಎಂದು ಬಾಟಲಿಯನ್ನು ತಾವೇ ಕೆಳಗಿನ ಖಾನೆಗೆ ವಾಪಸ್ ಇಟ್ಟರು. ಆಮೇಲೆ ಕಂಡಕಂಡಲ್ಲಿಗೆ ಫೋನ್. ಕೊನೆಗೆ ದಾದರ್ ಹತ್ತಿರದ ಒಂದು ಬ್ಲಡ್ ಬ್ಯಾಂಕಿನಲ್ಲಿ ಪರೀಕ್ಷೆಯಾದ ಎರಡು ಬಾಟಲಿ ಇದೆ ಎಂದು ತಿಳಿಯಿತು. ಫ್ಯಾಕ್ಟರಿಯ ಯೂನಿಫಾರ್ಮಿನಲ್ಲೇ ಓಡಿ ಬಂದಿದ್ದ ಗಂಡ ಟ್ಯಾಕ್ಸಿ ಹಿಡಿದು ಹೋದ. ಅವನು ವಾಪಸ್ ಬಂದಾಗ ಆರು ಗಂಟೆ. ಅಷ್ಟು ಹೊತ್ತೂ ಅವಳನ್ನು ಸಲೈನಿನ ಮೇಲೆ ಹಿಡಿದಿಟ್ಟಿದ್ದರು. ಎರಡು ಸಲ ವಾರ್ಡಿಗೆ ಹೋಗಿ ನೋಡಿ ಬಂದೆ. ತುಟಿ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಪಕ್ಕದ ತೊಟ್ಟಿಲಲ್ಲಿ ಮಗು ಹಸಿದು ಕಿರುಚುತ್ತಿತ್ತು. ಅತ್ತೆ ನನ್ನ ಸೆರಗು ಹಿಡಿದು, ಬಾಟಲಿ ಇಟ್ಟುಕೊಂಡೂ ಕೊಡುವುದಿಲ್ಲವಲ್ಲ, ನೀನೂ ಹೆಣ್ಣೇ ಅಲ್ಲವಾ ಎಂದು ಮರಾಠಿಯಲ್ಲಿ ಕೇಳಿದರು. ಅವಳು ಸತ್ತರೆ ಕೊಂದವಳು ನಾನೇ ಎಂದು ಆಗ ನನಗೆ ಸ್ಪಷ್ಟವಾಗಿ ಅನಿಸಿತ್ತು. ಅವಳು ಸಾಯಲಿಲ್ಲ.

ಗುರುವಾರ ವರದಿ ಬಂತು. ಇಡೀ ಹಾಳೆಯಲ್ಲಿ ಒಂದೇ ಒಂದು ನಂಬರಿನ ಮುಂದೆ ಕೆಂಪು ಗೆರೆ. ರಿಜಿಸ್ಟರ್ ತೆಗೆಯುವ ಅಗತ್ಯವಿರಲಿಲ್ಲ, ಆ ನಂಬರನ್ನು ಸುಧಾಕರನ ಬಾಟಲಿಗೆ ಅಂಟಿಸಿದವಳು ನಾನೇ. ಅವನಿಗೆ ಮೊದಲೇ ತಿಳಿದಿತ್ತು, ಅದಕ್ಕೇ ಓಡಿ ಬಂದ ಎಂದು ನಾನೂ ಡಾಕ್ಟರೂ ಮಾತಾಡಿಕೊಂಡೆವು. ಇಲ್ಲಿಯವರೆಗೆ ಇದರಲ್ಲಿ ವಿಚಿತ್ರವೇನೂ ಇಲ್ಲ.

ಆ ಸಂಜೆ ಕೆಲಸ ಮುಗಿಸಿ ಹೋಟೆಲಿಗೆ ಹೋದೆ. ಏನು ಹೇಳಬೇಕೆಂದು ಹೋದೆನೋ ಗೊತ್ತಿಲ್ಲ, ಹೇಳುವಂತೆಯೂ ಇರಲಿಲ್ಲ. ಕಾವಲಿಯ ಮುಂದೆ ಬೇರೆ ಯಾರೋ ಇದ್ದರು. ನಿನ್ನೆ ಸುಧಾಕರ ಆಸ್ಪತ್ರೆಗೆ ಬಂದಿದ್ದ, ಇವತ್ತು ಕಾಣುತ್ತಿಲ್ಲವಲ್ಲ ಎಂದೆ. ಶೆಟ್ಟರು ನನ್ನ ಮುಖ ನೋಡಿದರು.

"ನಿನ್ನೆಯಾ? ಅವ ಐತಾರವೇ ಊರಿಗೆ ಹೋದ್ನಲ್ಲ ಮಾರಾಯ್ರೆ. ಬಸ್ಸು ಹತ್ತಿಸಿ ಬಂದದ್ದು ನಾನೇ."

ಬೇರೆ ಯಾರನ್ನೋ ನೋಡಿರಬೇಕು ಎಂದು ಹೇಳಿ ಬಂದೆ. ಮನೆಗೆ ನಡೆಯುತ್ತಾ ಅದನ್ನೇ ನನಗೂ ಹೇಳಿಕೊಂಡೆ. ಆದರೆ ಬೇರೆ ಯಾರೇ ಆಗಿದ್ದರೂ ಆ ಬಾಟಲಿಯ ಸುದ್ದಿ ಅವನಿಗೆ ಹೇಗೆ ಗೊತ್ತು?

ಒಂದು ತಿಂಗಳಾದ ಮೇಲೆ ಅದೇ ಕಿಟಕಿಯಲ್ಲಿ ಸುಧಾಕರ ಬಗ್ಗಿದ. ಈ ಸಲ ಹಿಂದೆ ಶಿಂದೆಯೂ ಇದ್ದ, ಅವನ ಬೆನ್ನು ತಟ್ಟಿ ಮಾತಾಡಿಸಿದ, ಹಾಗಾಗಿ ಅನುಮಾನವಿಲ್ಲ. ಗಾಜಿನ ತೂತಿನೊಳಗಿಂದ ಅರಿಶಿನ ಹಚ್ಚಿದ ಮದುವೆ ಕಾಗದ ತೂರಿಸಿದ. ನಾನು ಕಾಗದ ನೋಡಲಿಲ್ಲ, ಮುಖ ನೋಡಿದೆ. ಮೀಸೆ ಇರಲಿಲ್ಲ.

ಆಗ ನೆನಪಾಯಿತು. ಆ ಬುಧವಾರ ಕಿಟಕಿಯಲ್ಲಿ ಕಂಡ ಮುಖಕ್ಕೂ ಮೀಸೆ ಇರಲಿಲ್ಲ. ಶನಿವಾರ ಇತ್ತು. ಸಿಟ್ಟಿನಲ್ಲಿ ನಾನು ಅದನ್ನು ಕಂಡೂ ಗಮನಿಸಿರಲಿಲ್ಲ.

ಮೀಸೆ ಯಾವಾಗ ತೆಗೆದೆ ಎಂದು ಕೇಳಿದೆ. ಹುಡುಗಿ ನೋಡಲು ಹೋಗುವ ಬೆಳಿಗ್ಗೆ ಅಮ್ಮ ಹಟ ಹಿಡಿದು ತೆಗೆಸಿದರು ಎಂದು ನಾಚಿದ. ಯಾವತ್ತು?

"ಇಲ್ಲಿಂದ ಹೋದ ಮೇಲಿನ ಬುಧವಾರ. ಮೂರು, ಮೂರೂವರೆಗೆಲ್ಲ ಬ್ರಹ್ಮಾವರದಲ್ಲಿ ಅವರ ಮನೆಯಲ್ಲಿ ಕೂತು ಕಾಫಿ ಕುಡೀತಿದ್ದೆ. ಎಂತಕ್ಕೆ ಅಕ್ಕ? ನನ್ನ ರಕ್ತದಲ್ಲಿ ಎಂತಾದ್ರೂ ಉಂಟಾ?"

ಡಾಕ್ಟರು ಒಳಗೆ ಕೂತಿದ್ದರು. ನಿಯಮ ನನಗೆ ಬಾಯಿಪಾಠವಾಗಿತ್ತು. "ಏನಿಲ್ಲಪ್ಪ. ನಿನಗೆ ರಕ್ತ ಕಡಿಮೆ, ಇನ್ಮೇಲೆ ಕೊಡೋದು ಬೇಡ. ಊರಲ್ಲಿ ಒಂದು ಸಲ ಡಾಕ್ಟರಿಗೆ ತೋರಿಸ್ಕೋ," ಎಂದೆ. ಪಾಪ, ನಂಬಿದ. ಮದುವೆಗೆ ಬರಲೇಬೇಕು ಎಂದು ಎರಡು ಸಲ ಹೇಳಿ ಹೋದ. ನಾನು ಹೋಗಲಿಲ್ಲ. ಅವನು ಮತ್ತೆ ಮುಲುಂಡಿಗೆ ಬರಲಿಲ್ಲ. ಸಾಂತಾಕ್ರೂಜಿನ ಯಾವುದೋ ಹೋಟೆಲು ಸೇರಿದನೆಂದು ಕೇಳಿದೆ, ವಿಚಾರಿಸುವ ಧೈರ್ಯವಾಗಲಿಲ್ಲ.

ಈಗ ನಿಯಮ ಬದಲಾಗಿದೆ. ಕೂರಿಸಿ, ನಿಧಾನವಾಗಿ ಹೇಳುತ್ತಾರೆ, ಔಷಧವೂ ಇದೆ. ಇಷ್ಟು ವರ್ಷ ನಾನು ಇದಕ್ಕೆ ಎಲ್ಲ ಬಗೆಯ ಉತ್ತರಗಳನ್ನೂ ಹುಡುಕಿದ್ದೇನೆ. ನನಗೇ ಒಳಗೊಳಗೆ ಅನುಮಾನವಿತ್ತು, ಅದೇ ಅವನ ರೂಪದಲ್ಲಿ ಬಂತು ಎನ್ನೋಣವೆಂದರೆ, ಅನುಮಾನವಿಲ್ಲದೆ ಇದ್ದದ್ದೇ ನನ್ನ ತಪ್ಪು. ನಿದ್ದೆ ಬಂದಿತ್ತು ಎನ್ನೋಣವೆಂದರೆ ಕೈಯಲ್ಲಿ ಅರ್ಧ ಬರೆದ ಚೀಟಿಯಿತ್ತು. ಮೀಸೆಯ ವಿಷಯದಲ್ಲಿ ನೆನಪು ನನ್ನೊಡನೆ ಆಮೇಲೆ ಆಡಿದ ಆಟವೂ ಇರಬಹುದು, ಇಲ್ಲವೆಂದು ಹೇಳಲಾರೆ. ಕಿಟಕಿಗೆ ಬಂದದ್ದು ಯಾರು ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಮದುವೆ ಕಾಗದ ನನ್ನ ಕಪಾಟಿನಲ್ಲಿದೆ. ಅದರಲ್ಲಿ ಹುಡುಗಿಯ ಹೆಸರಿದೆ, ಊರಿದೆ, ಮನೆಯ ಹೆಸರೂ ಇದೆ. ಆ ಬಾಣಂತಿಯ ಸಲುವಾಗಿ ಯಾರೋ ಎಲ್ಲಿಂದಲೋ ಬಂದು ಒಂದು ಮಾತು ಹೇಳಿ ಹೋದರು. ಈ ಹುಡುಗಿಯ ಸಲುವಾಗಿ ಹೇಳಬಹುದಾಗಿದ್ದವಳು ಕಿಟಕಿಯ ಈಚೆ ಕೂತಿದ್ದ ನಾನು, ನಾನು ಹೇಳಲಿಲ್ಲ.