ಕರೇಜಿಗಿಳಿದ ಮಹಾತೂನ್

ಪಂಜ್‌ಗೂರಿನ ಕಡೆಯ ಕಹ್ನಕ್ ಎಂಬ ಹಳ್ಳಿಗೆ ಕುಡಿಯಲೂ ಖರ್ಜೂರದ ತೋಟಕ್ಕೂ ಒಂದೇ ಕರೇಜಿನ ನೀರು. ಬೆಟ್ಟದ ಬುಡದಿಂದ ನೆಲದಡಿಯಲ್ಲೇ ಹರಿದು ಬರುವ ಆ ಕಾಲುವೆಯ ಹೂಳೆತ್ತುವುದು ಮಹಾತೂನಳ ಗಂಡ ಪೀರ್‌ಬಕ್ಷನ ಕಸುಬು. ಕಾಲುವೆಗೆ ದಾರಿಯಾಗಿ ತೋಡಿದ ಬಾವಿಯೊಳಗೆ ಅವನಿಳಿದು ಅಗೆದರೆ ಇವಳು ಮೇಲೆ ನಿಂತು ರಾಟೆಯಲ್ಲಿ ಮಣ್ಣು ಸೇದುತ್ತಿದ್ದಳು. ಹಗ್ಗ ಅಲುಗುವ ಬಗೆಯಲ್ಲೇ ಗಂಡನಿಗೆ ಏನು ಬೇಕೆಂದು ಅವಳಿಗೆ ತಿಳಿಯುತ್ತಿತ್ತು.

ಒಂದು ಚಳಿಗಾಲದಲ್ಲಿ ಬಾವಿಯೊಳಗೆ ಮಣ್ಣು ಕುಸಿದು ಪೀರ್‌ಬಕ್ಷ್ ಸತ್ತ. ಹೆಣವೆತ್ತಿದ ಮೇಲೆ ಆ ಬಾವಿಗಿಳಿಯುವ ಧೈರ್ಯ ಯಾರಿಗೂ ಬರಲಿಲ್ಲ. ಗಟ್ಟಿಮುಟ್ಟಾದ ಗಂಡಸರಲ್ಲಿ ಹೆಚ್ಚಿನವರು ದುಡಿಯಲು ಮಸ್ಕತ್ತಿಗೆ ಹೋಗಿದ್ದರು. ಮರುವರ್ಷ ಖರ್ಜೂರದ ಗೊನೆ ಬಲಿಯುವ ಹೊತ್ತಿಗೆ ನೀರು ಬೆರಳಗಲದ ಎಳೆಯಾಯಿತು.

ಊರ ಹಿರಿಯರು ಚಹಾ ಕುಡಿಯುತ್ತ ಚಿಂತೆಗೆ ಬಿದ್ದರು. "ಊರು ಬಿಡೋದೊಂದೇ ದಾರಿ," ಎಂದ ಮಹಾತೂನಳ ಮೈದುನ ದಿಲ್‌ಮುರಾದ್.

ಬಾಗಿಲಲ್ಲಿದ್ದ ಮಹಾತೂನ್, "ನಾನಿಳೀತೀನಿ," ಎಂದಳು.

"ಏನತ್ತಿಗೆ, ತಮಾಷೇನಾ? ಹೆಂಗಸರು ಕಾಲಿಟ್ಟರೆ ನೀರು ಬತ್ತುತ್ತಂತೆ."

"ಗಂಡಸರು ಕಾಲಿಡದೇನೇ ಬತ್ತಿ ಹೋಯ್ತಲ್ಲಪ್ಪಾ! ಇನ್ನು ನನ್ನ ಪಾಲಿಗೆ ಏನುಳಿಸಿದ್ದೀರಿ ಬತ್ತಿಸೋಕೆ?"

ಮುದುಕರೊಬ್ಬರು ಕಿಸಕ್ಕನೆ ನಕ್ಕರು. ದಿಲ್‌ಮುರಾದ್ ಮುಖ ಕೆಂಪಗೆ ಮಾಡಿಕೊಂಡರೂ ಬೆಳಗ್ಗೆ ರಾಟೆ ಹಿಡಿಯಲು ತಾನೇ ಬಂದ.

ಕಸೂತಿಯ ಅಂಗಿಯ ಮೇಲೆ ಗಂಡನ ಹಳೆಯ ಕೋಟು ತೊಟ್ಟು, ಅವನದೇ ಪಿಕಾಸಿ ಹಿಡಿದು ಅವಳು ಇಳಿದಳು. ಕೆಳಗೆ ದೀಪದ ಬೆಳಕಿಗೆ ಗೋಡೆಯ ಮೇಲೆ ಪೀರ್‌ಬಕ್ಷ್ ಕಡಿದ ಗುರುತುಗಳು ಹಸಿಯಾಗಿಯೇ ಕಂಡವು. ಅವುಗಳ ಮೇಲೆ ಕೈಯಾಡಿಸುತ್ತ ಕೂತು, ಮನೆಯಲ್ಲಿ ಜನರೆದುರು ಅಳಲಾಗದ್ದನ್ನೆಲ್ಲ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಅಗೆಯತೊಡಗಿದಳು.

"ಅತ್ತಿಗೇ, ಬದುಕಿದ್ದೀಯಾ?" ಮೇಲಿನಿಂದ ದಿಲ್‌ಮುರಾದ್ ಕೂಗಿದ.

"ಬಾಯಿ ಮುಚ್ಚಿ ಮಣ್ಣೆಳಿ!"

ಆ ಕೆಲಸ ವಾರಗಟ್ಟಲೆ ಹಿಡಿಯಿತು. ಸಡಿಲ ಮಣ್ಣು ಸಿಕ್ಕಲ್ಲೆಲ್ಲ ಕಲ್ಲು ಕಟ್ಟಿ ಮುಂದಕ್ಕೆ ಹೋದಳು. ಕೊನೆಗೊಂದು ಮಧ್ಯಾಹ್ನ ನೀರು ಅವಳ ಮೊಣಕಾಲು ದಾಟಿ ನುಗ್ಗಿತು. ಮೈಯೆಲ್ಲ ಕೆಸರಾಗಿ ಮೇಲೆ ಬಂದಾಗ ಹೆಂಗಸರು ಮದುವೆಮನೆಯಲ್ಲಿ ಹಾಡುವಂತೆ ಹಾಡಿ ಅವಳನ್ನು ತಬ್ಬಿಕೊಂಡರು. ದಿಲ್‌ಮುರಾದ್ ತನ್ನ ಪೇಟ ಬಿಚ್ಚಿ ಅವಳ ಮುಖ ಒರೆಸಿದ.

ಕರೇಜು ತೋಡುವವನಿಗೆ ಸಲ್ಲುವ ನೀರಿನ ಪಾಲನ್ನು ಹಿರಿಯರು ಅವಳ ಹೆಸರಿಗೇ ಮಾಡಿದರು. ಆ ಪಾಲಿನ ನೀರಲ್ಲಿ ಅವಳು ಎಳೆ ಖರ್ಜೂರದ ಗಿಡಗಳನ್ನು ನೆಟ್ಟಳು. ಮಂಡಿ ಸೋಲುವ ತನಕ ಪ್ರತಿ ಚಳಿಗಾಲವೂ ಇಳಿದಳು. ಮಸ್ಕತ್ತಿನಿಂದ ಮರಳಿದ ಗಂಡಸರು ಅವಳನ್ನು "ಉಸ್ತಾದ್" ಎಂದು ಕರೆದಾಗ, "ಉಸ್ತಾದಂತೆ! ಮೊದಲು ಪಿಕಾಸಿ ಹಿಡಿಯೋದು ಕಲೀರೋ," ಎಂದು ಗದರುತ್ತಿದ್ದಳು. ಅವರು ಕಲಿತರು.