ಬಾಯಿಮಾತಿನ ಒಪ್ಪಿಗೆ

ಸಾರ್, ಆ ದಿನ ಫೋನಿನಲ್ಲಿ ಒಪ್ಪಿಗೆ ಕೊಟ್ಟವಳು ನಾನೇ. ಲೆಕ್ಕ ತಪಾಸಣೆಯವರ ಎದುರು ‘ನಾನು ಹಾಗೆ ಹೇಳಿಲ್ಲ’ ಎಂದವಳೂ ನಾನೇ. ದಿನವೂ ಡೈರಿ ಬರೆಯುವವಳಿಗೆ ಮರೆವಿನ ನೆಪವೂ ಇಲ್ಲ — ಅದು ಜೂನ್ ತಿಂಗಳ ಒಂದು ಬುಧವಾರ, ಊಟದ ಹೊತ್ತಿಗೆ ಮುಂಚೆ.

ಪಕ್ಕದ ತೋಟದ ತೆಂಗಿನ ಮರದಿಂದ ಗೊನೆ ಕಳಚಿ ಬಿದ್ದು ಐದನೇ ತರಗತಿಯ ಹೆಂಚು ಒಡೆದಿದೆ, ಮಕ್ಕಳನ್ನು ಜಗುಲಿಯಲ್ಲಿ ಕೂರಿಸಿದ್ದೇನೆ ಎಂದಿರಿ. ನಿಮ್ಮ ಶಾಲೆಗೆ ಮಂಜೂರಾಗಿದ್ದ ಅನುದಾನ ಸುಣ್ಣಬಣ್ಣಕ್ಕೆ ಮಾತ್ರ. ಅದನ್ನು ಬೇರೆ ಕೆಲಸಕ್ಕೆ ಬಳಸಲು ಮೇಲಿನವರ ಲಿಖಿತ ಒಪ್ಪಿಗೆ ಬೇಕು. ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಆ ಕಡತ ಕಳಿಸುವುದೇ ನನ್ನ ಕೆಲಸ.

“ಮಳೆ ಕಾಯ್ತದೇನಮ್ಮ? ಏನ್ ಮಾಡ್ಲಿ ಹೇಳು.”

“ಹಾಕ್ಸ್‌ಬುಡಿ ಸಾ. ಒಪ್ಪಿಗೆ ನಾನ್ ಮಾಡಿಸ್ಕೊಡ್ತೀನಿ.”

ನೀವು ಹಾಕಿಸಿದಿರಿ. ನಾನು ಕಡತ ತೆರೆಯಲೇ ಇಲ್ಲ. ನಮ್ಮ ಕಡೆಯ ಮೇಷ್ಟ್ರುಗಳು ಕಚೇರಿಯ ಬಾಯಿಮಾತು ನಂಬಿ ಕೆಲಸ ಮುಗಿಸುತ್ತಾರೆ, ಕಾಗದ ಆಮೇಲೆ ಮಾಡಿಕೊಳ್ಳುತ್ತಾರೆ — ಅದು ಗೊತ್ತಿದ್ದೇ ಹೇಳಿದೆ.

ಯಾಕೆಂದರೆ... ನಿಮಗೆ ನನ್ನ ಮುಖವೂ ನೆನಪಿರಲಿಲ್ಲ. ನಿಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ರತ್ನಮ್ಮನ ಮಗಳು ನಾನು. ಸಾಂಬಾರಿಗೆ ಕೊಡುವ ಕಾಯಿ ಸಾಲದೆಂದು ಅವ್ವ ನಮ್ಮ ತೋಟದ್ದನ್ನೇ ತಂದು ಒಡೆಯುತ್ತಿದ್ದಳು. ಉಳಿದ ಹೋಳನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬರುತ್ತಿದ್ದಳು. ಒಂದು ದಿನ ಏಳನೇ ತರಗತಿಯ ಎದುರು ಆ ಸೆರಗಿನ ಗಂಟು ಬಿಚ್ಚಿಸಿದಿರಿ.

“ಇಸ್ಕೂಲ್ ಕಾಯಿ ಕದ್ಕಂಡ್ ಹೋಯ್ತೀಯೇನೇ?”

ಅದು ನಮ್ಮ ತೋಟದ್ದೆಂದು ಅವಳು ಹೇಳಿದ್ದನ್ನು ನೀವು ಕೇಳಲಿಲ್ಲ. ಆ ತರಗತಿಯಲ್ಲಿ ನಾನೂ ಕೂತಿದ್ದೆ. ಮರುದಿನದಿಂದ ಅವಳಿಗೆ ಕೆಲಸವಿಲ್ಲ.

ತಪಾಸಣೆಯಲ್ಲಿ ನಿಮ್ಮ ಹೆಂಚು ‘ಅನುಮೋದನೆ ಇಲ್ಲದ ಖರ್ಚು’ ಎಂದಾಯಿತು. ದುರ್ಬಳಕೆಯ ವಿಚಾರಣೆ ಶುರುವಾಯಿತು. ನಿವೃತ್ತಿಯ ಹೊಸ್ತಿಲಲ್ಲಿ ಪಿಂಚಣಿಗೆ ತಡೆ ಬಿತ್ತು. ಬಿಳಿಗೆರೆ ಕಡೆಯ ಬಸ್ಸಿಳಿದು ಬಂದು ನನ್ನ ಮೇಜಿನ ಮುಂದೆ ನಿಂತಿರಿ.

“ನೀನೇ ಅಲ್ವೇನಮ್ಮ ಹೇಳಿದ್ದು?”

“ಬರವಣಿಗೇಲಿದ್ರೆ ತೋರ್ಸಿ ಸಾ.”

ನೀವು ಚೀಲದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ ಹುಡುಕತೊಡಗಿದಿರಿ. ಆ ಹುಡುಕಾಟ ನೋಡಿ ನನಗೆ ಹಿತವಾಯಿತು — ಇದನ್ನು ಮುಚ್ಚಿಡಲಾರೆ. ಸಂಜೆ ಬೋಂಡ ಕಟ್ಟಿಸಿಕೊಂಡು ಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ.

“ಹೆಂಚು ಹಾಕ್ಸಿದ್ನಾ ಇಲ್ವಾ?” ಎಂದಳು.

“ಹಾಕ್ಸಿದ್ದಾರೆ.”

“ಮತ್ತೆ ಅವ್ನು ಕದ್ದಿದ್ದೇನೇ?”

ಅವಳು ಬೋಂಡ ಮುಟ್ಟಲಿಲ್ಲ. ನನಗೆ ಸಿಟ್ಟು ಬಂತು — ಅವಳ ಮೇಲೂ. ಆ ಸಿಟ್ಟಿನಲ್ಲೇ ಎರಡು ವರ್ಷ ಸುಮ್ಮನಿದ್ದೆ. ನೀವು ವಿಚಾರಣೆಗೆ ಅಲೆಯುವುದನ್ನು ಕಿಟಕಿಯಿಂದ ನೋಡುತ್ತಿದ್ದೆ.

ನಾಳೆ ವಿಚಾರಣಾಧಿಕಾರಿಯ ಮುಂದೆ ಹೇಳಿಕೆ ಕೊಡುತ್ತೇನೆ. ಒಪ್ಪಿದ್ದು ನಾನು, ಸುಳ್ಳಾಡಿದ್ದು ನಾನು. ನನ್ನ ಕೆಲಸ ಹೋಗಬಹುದು; ಹೋಗಲಿ. ನಿಮ್ಮ ಪಿಂಚಣಿ ನಿಮಗೆ ಸಿಗಲಿ.

ಆದರೆ ಸಾರ್, ನಿಮ್ಮನ್ನು ನಾನು ಕ್ಷಮಿಸಿಲ್ಲ. ನೀವು ಕಳ್ಳರಲ್ಲ ಎಂದು ನಾನು ಹೇಳುತ್ತೇನೆ. ಅವ್ವನ ಬಗ್ಗೆ ಆ ಮಾತು ನೀವೇ ಹೇಳಬೇಕು. ಅವಳು ಈಗಲೂ ಶಾಲೆಯ ಹಿಂದಿನ ಬೀದಿಯಲ್ಲೇ ಇದ್ದಾಳೆ.